ಅಪ್‌ಡೇಟ್: ಕರಗಿದ ಆಮ್ಲಜನಕದ ಸೆನ್ಸರ್ ಕ್ಯಾಲಿಬ್ರೇಶನ್
ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ, ಗಾಳಿ ಹಾಯಿಸಿದ 25 ಡಿಗ್ರಿ ಸೆಲ್ಸಿಯಸ್ ನೀರಿಗೆ ಕ್ಲಾರ್ಕ್ ಮಾದರಿಯ ಸೆನ್ಸರ್ (ತೆಳು ಪೊರೆ ದಾಟಿ ಬರುವ ಆಮ್ಲಜನಕವನ್ನು ವಿದ್ಯುತ್ ಪ್ರವಾಹದ ಮೂಲಕ ಅಳೆಯುವಂಥದ್ದು) ಲೀಟರಿಗೆ 7.4 ಮಿಲಿಗ್ರಾಂ ತೋರಿಸುತ್ತಿದೆ, ನೀರಿನಲ್ಲಿ ಆಮ್ಲಜನಕ ಎಷ್ಟು ಕರಗುತ್ತದೆಂಬ ಕೋಷ್ಟಕದಲ್ಲಿ 8.26 ಇದೆ, ಯಾವುದು ಸರಿ ಎಂದು ಕೇಳಿದ್ದೆ. ಕೋಷ್ಟಕದ ಅಂಕಿ ಸಮುದ್ರಮಟ್ಟದ್ದು, ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ವಾಯುಭಾರ ಹತ್ತರಲ್ಲೊಂದು ಪಾಲು ಕಡಿಮೆ ಇರುವುದರಿಂದ 7.4 ಸರಿಯೇ ಎಂದು ತಿಳಿಸಿದವರಿಗೆಲ್ಲ ಕೃತಜ್ಞನಾಗಿದ್ದೇನೆ.

ಸೊನ್ನೆಯನ್ನೂ ಪರೀಕ್ಷಿಸಿ ಎಂಬ ಸಲಹೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು. ಕರಗಿದ ಆಮ್ಲಜನಕವನ್ನೆಲ್ಲ ತೆಗೆದುಹಾಕುವ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಅದ್ದಿದಾಗ ಅಂಕಿ 0.6ರಲ್ಲೇ ನಿಂತಿತು, ಕ್ಯಾಪ್ ಅನ್ನು ಬೆಳಕಿಗೆ ಹಿಡಿದು ನೋಡಿದರೆ ಪೊರೆಯ ಹಿಂದೆ ಸಾಸಿವೆಯಷ್ಟು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಹೊಸ ಪೊರೆ, ಹೊಸ ಎಲೆಕ್ಟ್ರೊಲೈಟ್ (ಒಳಗಿನ ವಿದ್ಯುತ್ ವಾಹಕ ದ್ರಾವಣ) ಹಾಕಿ ಧ್ರುವೀಕರಣಕ್ಕೆ, ಅಂದರೆ ವೋಲ್ಟೇಜ್ ಕೊಟ್ಟು ಸೆನ್ಸರ್ ಸ್ಥಿರವಾಗಲು, ರಾತ್ರಿಯಿಡೀ ಬಿಟ್ಟ ಮೇಲೆ ಕೆಲವೇ ನಿಮಿಷಗಳಲ್ಲಿ 0.0 ಬಂತು. ನೀರು ಕಲಕುವುದನ್ನು ನಿಲ್ಲಿಸಿದರೆ ಅಂಕಿ ಈಗಲೂ ಇಳಿಯುತ್ತದೆ; ಪೊರೆಯ ಬಳಿಯ ಆಮ್ಲಜನಕವನ್ನು ಸೆನ್ಸರೇ ಬಳಸಿಕೊಳ್ಳುವುದರಿಂದ ಅದು ಸಹಜ.