ಬೋಕಿ ಚೂರಿಗೂ ಗಾಜಿನ ಪೆಟ್ಟಿಗೆ ಯಾಕೆ?

ಮೂಲೆಬೆಂಚು:
ನಿನ್ನೆ ಒಂದು ದೊಡ್ಡ ಮ್ಯೂಸಿಯಂಗೆ ಹೋಗಿದ್ದೆ. ವಿಗ್ರಹಗಳ ಕೋಣೆ ಚೆನ್ನಾಗಿತ್ತು. ಆಮೇಲೆ ಬಂತು ನೋಡಿ, ಚೂರುಗಳ ಸಾಲು. ಒಡೆದ ಮಣಿ, ಮಡಕೆಯ ಅಂಚು, ಬಳ್ಳಿ ಕೆತ್ತಿದ ಬೆರಳುದ್ದದ ದಂತ. ಮುನ್ನೂರೋ ನಾನೂರೋ ಇದ್ದವು. ಎಲ್ಲದರ ಮುಂದೆಯೂ ಹೆಚ್ಚು ಕಡಿಮೆ ಒಂದೇ ಚೀಟಿ: ‘ಅಲಂಕೃತ ತುಂಡು. ಪ್ರಾಚೀನ.’ ಐದೇ ನಿಮಿಷಕ್ಕೆ ಕಣ್ಣು ಸೋತಿತು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ವಾ? ಒಳ್ಳೆಯ ಹತ್ತು ಹೊರಗಿಟ್ಟು, ಉಳಿದದ್ದನ್ನು ಒಳಗಿಡಬಾರದಾ?

ಹಳೆನಾಣ್ಯ:
ಅನ್ನ ಒಂದೇ ಪಾತ್ರೆಯಲ್ಲಿ ಬೆಂದದ್ದು. ಈ ಚೂರುಗಳು ಬೇರೆ ಬೇರೆ ಒಲೆಯವು.

ಈಜಿಪ್ಟಿನಲ್ಲಿ ರಾಜವಂಶಗಳಿಗೂ ಮೊದಲಿನ ಗೋರಿಗಳನ್ನು ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಗೆದಾಗ, ಕಾಲ ತಿಳಿಯಲು ಬರಹ ಇರಲಿಲ್ಲ. ರಾಶಿ ರಾಶಿ ಮಡಕೆ ಇತ್ತು. ಕೆಲವಕ್ಕೆ ಅಲೆಯ ಹಾಗೆ ಬಾಗಿದ ಹಿಡಿಕೆ, ಹಿಡಿದು ಎತ್ತಲು. ಕಾಲ ಕಳೆದಂತೆ ಆ ಹಿಡಿಕೆ ಸಣ್ಣದಾಯಿತು, ಮಡಕೆಯ ಮೈಗೆ ಅಂಟಿಕೊಂಡಿತು, ಕೊನೆಗೆ ಬರೀ ಒಂದು ಅಲೆಗೀರಾಗಿ ಉಳಿಯಿತು. ಕೈಗೆ ಬೇಕಾಗಿದ್ದದ್ದು ಕಣ್ಣಿಗೆ ಅಲಂಕಾರ ಆಯಿತು. ಇಂಥ ಬದಲಾವಣೆಗಳನ್ನೇ ಹಿಡಿದು ಸುಮಾರು 900 ಗೋರಿಗಳನ್ನು ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲು ಹಚ್ಚಿದರು. 1899ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಚೆಂದದ ಹತ್ತು ಮಡಕೆ ಮಾತ್ರ ಆರಿಸಿಕೊಂಡಿದ್ದರೆ ಇದು ಸಿಗುತ್ತಿತ್ತಾ?

ಮೂಲೆಬೆಂಚು:
ಪೆಟ್ರಿಗೆ ಬೇಕು, ಒಪ್ಪಿದೆ. ನನಗೆ ಯಾಕೆ ಸಾರ್? ಓದುವವರಿಗೆ ಸ್ಟೋರ್‌ರೂಮ್ ತೆಗೆದುಕೊಡಲಿ.

ಬೀಗದಕೈ:
ಸ್ಟೋರ್‌ರೂಮ್ ಅಂದಿರಲ್ಲ, ಅದರ ಕಥೆ ಕೇಳಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಕಡಿಮೆ ಅಂದರೂ 80 ಲಕ್ಷ ವಸ್ತುಗಳಿವೆ. ಒಂದು ಸಲಕ್ಕೆ ಜನರಿಗೆ ಕಾಣುವುದು 80,000ದಷ್ಟು, ಅಂದರೆ ನೂರಕ್ಕೆ ಒಂದು. 2023ರ ಆಗಸ್ಟ್‌ನಲ್ಲಿ ಅವರೇ ಹೇಳಿಕೊಂಡರು: ಒಳಗಿಟ್ಟ ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ, ಕೆಲವು ಹಾಳಾಗಿವೆ. ಲೆಕ್ಕ 2,000ದ ಹತ್ತಿರ. ಹೋದದ್ದು ದೊಡ್ಡ ಶಿಲ್ಪಗಳಲ್ಲ. ಜೇಬಿನಲ್ಲಿ ಹಿಡಿಯುವಂಥ ಕೆತ್ತಿದ ಹರಳು, ಚಿನ್ನದ ಒಡವೆ, ಗಾಜು. ಬಹಳಷ್ಟಕ್ಕೆ ಸರಿಯಾದ ದಾಖಲೆಯೇ ಇರಲಿಲ್ಲ. ಇ-ಬೇ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಕೆಲವನ್ನು ಗುರುತು ಹಿಡಿದ ಒಬ್ಬ ವ್ಯಾಪಾರಿ 2021ರಲ್ಲೇ ಎಚ್ಚರಿಸಿದ್ದರು. ಕೊನೆಗೆ ನಿರ್ದೇಶಕರು ರಾಜೀನಾಮೆ ಕೊಡಬೇಕಾಯಿತು.

ಸಣ್ಣದು, ಯಾರೂ ನೋಡದ್ದು, ಪಟ್ಟಿಯಲ್ಲಿ ಇಲ್ಲದ್ದು. ಕಳ್ಳನಿಗೆ ಇನ್ನೇನು ಬೇಕು?

ಮೂಲೆಬೆಂಚು:
ಅದು ಪಟ್ಟಿ ಬರೆಯದವರ ತಪ್ಪು. ಅವರು ಬರೆಯಲಿಲ್ಲ ಅಂತ ನಾನು ನಿಂತು ಕಾವಲು ಕಾಯಬೇಕಾ?

ಹಳೆನಾಣ್ಯ:
ಹ್ಹಹ್ಹ. ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ.

ಸುಮ್ನೆಬಂದೆ:
ಒಂದು ಚೂರಿನ ಕಥೆ ನಾನೂ ಹೇಳುತ್ತೇನೆ. ಜರ್ಮನಿಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆ. 1939ರ ಆಗಸ್ಟ್‌ನಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ, ಅಗೆತ ನಿಂತುಹೋಯಿತು. ಸಿಕ್ಕಿದ್ದ ಮ್ಯಾಮತ್ (ಈಗ ಅಳಿದುಹೋದ ಆನೆ ಜಾತಿ) ದಂತದ ಚೂರುಗಳು ಪೆಟ್ಟಿಗೆ ಸೇರಿದವು. 30 ವರ್ಷ ಯಾರೂ ಕೇಳಲಿಲ್ಲ. 1969ರಲ್ಲಿ ಸುಮಾರು 200 ಚೂರುಗಳನ್ನು ಜೋಡಿಸಲು ಕೂತರು. ಎದ್ದು ಬಂದದ್ದು ಒಂದಡಿ ಎತ್ತರದ ಗೊಂಬೆ. ಅದೇ ಗುಹೆಯಿಂದ ಆಮೇಲೂ ಚೂರು ಸಿಕ್ಕವು, ಸೇರಿಸುತ್ತಾ ಹೋದರು. ಮನುಷ್ಯನ ಮೈ, ಸಿಂಹದ ತಲೆ. ಸುಮಾರು 40,000 ವರ್ಷ ಹಳೆಯದು. ಆ ಪೆಟ್ಟಿಗೆಯನ್ನು ಯಾರಾದರೂ ಕಸ ಅಂತ ಎಸೆದಿದ್ದರೆ?

ಮೂಲೆಬೆಂಚು:
ಕಥೆ ಸೂಪರ್. ಆದರೆ ಎಲ್ಲ ಚೂರೂ ನರಸಿಂಹ ಆಗುವುದಿಲ್ಲ ಮಾರಾಯ್ರೇ! ಎಸೆಯಿರಿ ಅಂತ ನಾನು ಹೇಳಲೇ ಇಲ್ಲ. ಇದು ಏನು, ಯಾರದು, ಯಾಕೆ ನೋಡಬೇಕು ಅಂತ ಹೇಳಿ. ಹೇಳಲು ಆಗದಿದ್ದರೆ ತೋರಿಸಬೇಡಿ. ಅಷ್ಟೇ.

ಬಳೆಚೂರು:
ಇಲ್ಲಿ ಮಾತ್ರ ನಾನು ಮೂಲೆಬೆಂಚು ಅವರ ಕಡೆ. ತಪ್ಪು ಚೂರಿನದಲ್ಲ, ಚೀಟಿಯದು.

ಮೆಸೊಪೊಟೇಮಿಯಾದ ಉರುಳೆ ಮುದ್ರೆ ನೋಡಿ. ಬೆರಳಿನ ಒಂದು ಗೆಣ್ಣಿನಷ್ಟು ಕಲ್ಲು, ಸುತ್ತಲೂ ಚಿತ್ರ ಕೆತ್ತಿದ್ದು. ಅದನ್ನೊಂದೇ ಇಟ್ಟರೆ ಏನೂ ಕಾಣುವುದಿಲ್ಲ, ಬೆಣಚುಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಪಕ್ಕದಲ್ಲಿ ಜೇಡಿಮಣ್ಣಿನ ಮೇಲೆ ಉರುಳಿಸಿದ ಅಚ್ಚು ಇಡಿ. ದೇವರು, ಸಿಂಹ, ಹೋರಿಯ ಜತೆ ಕುಸ್ತಿ, ಎಲ್ಲವೂ ಎದ್ದು ನಿಲ್ಲುತ್ತದೆ.

ಇನ್ನು ಮಣಿ. ಸಿಂಧೂ ಕಣಿವೆಯವರು ಮಾಡಿದ ಉದ್ದನೆಯ ಕೆಂಪು ಕಾರ್ನೀಲಿಯನ್ ಕಲ್ಲಿನ ಮಣಿಗಳು ಮೆಸೊಪೊಟೇಮಿಯಾದ ಊರ್ ನಗರದ ರಾಜರ ಗೋರಿಗಳಲ್ಲೂ ಸಿಕ್ಕಿವೆ. ಅಷ್ಟು ದೂರ ಹೋಗಿದ್ದವು. ಅದಕ್ಕೆ ತೂತು ಕೊರೆಯುವುದು ಹೇಗೆ ಅಂತ ನಮ್ಮ ಕಾಲದವರು ಮಾಡಿ ನೋಡಿದ್ದಾರೆ. ಕಲ್ಲಿನ ಸಣ್ಣ ಮೊನೆಯಿಂದ ಕೊರೆದರೆ ಗಂಟೆಗೆ ಎರಡೂವರೆ ಮಿಲಿಮೀಟರ್. ಆರು ಸೆಂಟಿಮೀಟರ್ ಮಣಿ ಅಂದರೆ 24 ಗಂಟೆ, ದಿನಕ್ಕೆ ಎಂಟು ಗಂಟೆ ಕೂತರೆ ಮೂರು ದಿನ. ತೂತು ಮುಗಿಯುವ ಹೊತ್ತಿಗೆ ಮಣಿ ಸೀಳಿದರೆ ಮೂರು ದಿನದ ಕೆಲಸ ಹಾಳು. ಒಡೆದ ಮಣಿಯಲ್ಲಿ ಆ ತೂತಿನ ಒಳಗೋಡೆ ಕಾಣುತ್ತದೆ. ಇಡೀ ಮಣಿಯಲ್ಲಿ ಕಾಣುವುದಿಲ್ಲ! ಇದನ್ನು ಚೀಟಿಯಲ್ಲಿ ಎರಡು ಸಾಲು ಬರೆದರೆ ಜನ ನಿಲ್ಲುವುದಿಲ್ಲವಾ?

ಬೀಗದಕೈ:
ನಾನೂರು ಚೂರಿಗೂ ಎರಡೆರಡು ಸಾಲು ಬರೆದರೆ ಗೋಡೆ ಸಾಲುವುದಿಲ್ಲ ಮೇಡಂ.

ಬಳೆಚೂರು:
ಎಲ್ಲಕ್ಕೂ ಬೇಡ. ಹತ್ತಕ್ಕೆ ಬರೆಯಿರಿ. ಉಳಿದ 390 ಸುಮ್ನೆ ಪಕ್ಕದಲ್ಲೇ ಇರಲಿ. ಹತ್ತು ಓದಿದವರಿಗೆ ಹನ್ನೊಂದನೆಯದು ತಾನಾಗಿ ಕಾಣುತ್ತದೆ.

ಸುಮ್ನೆಬಂದೆ:
ತುಂಡು ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಲಿ. ಅಥೆನ್ಸ್‌ನ ಪಾರ್ಥೆನಾನ್ ದೇಗುಲದ ಒಂದು ತುಂಡು, ದೇವತೆಯ ಪಾದ ಮತ್ತು ಬಟ್ಟೆಯ ಅಂಚು, ಸುಮಾರು 200 ವರ್ಷ ಇಟಲಿಯ ಪಲೆರ್ಮೋದಲ್ಲಿ ಇತ್ತು. 2022ರಲ್ಲಿ ಅಥೆನ್ಸ್‌ಗೆ ವಾಪಸ್ ಹೋಗಿ ತನ್ನ ಸಾಲು ಸೇರಿತು. ಅಲ್ಲಿ ಅದು ‘ಅಲಂಕೃತ ತುಂಡು’ ಅಲ್ಲ, ಯಾರದೋ ಕಾಲು.

ಮೂಲೆಬೆಂಚು:
ಸರಿ, ಹತ್ತು ಚೀಟಿಗೆ ನಾನು ರಾಜಿ. 390ರ ಬಗ್ಗೆ ಇನ್ನೂ ಅನುಮಾನ ಇದೆ. ಮುಂದಿನ ಸಲ ಹೋದಾಗ ಆ ಅಲೆ ಹಿಡಿಕೆಯನ್ನು ಹುಡುಕುತ್ತೇನೆ. ಸಿಗದಿದ್ದರೆ ಹಳೆನಾಣ್ಯ ಅವರನ್ನೇ ಬೈಯುವುದು.