ಕೊರೊನಾ ಕಾಲದಲ್ಲಿ ಕಾಲೇಜು ಓದಿದವರೇ, ನೀವು ನಿಜವಾಗಿ ಗಟ್ಟಿಯಾದಿರಾ?

ಕೊನೆಬೆಂಚು:
2020ರ ಮಾರ್ಚ್‌ನಲ್ಲಿ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲ್ ಖಾಲಿ ಮಾಡಿಸಿದರು. ಎರಡು ವಾರದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡು ಪುಸ್ತಕಗಳನ್ನೂ ಅಲ್ಲೇ ಬಿಟ್ಟು ಹೋದೆ. ಆಮೇಲೆ ಕ್ಯಾಮೆರಾ ಆಫ್ ಮಾಡಿ, ಹಾಜರಿ ಹೇಳಿ, ಮತ್ತೆ ಮಲಗುವುದೇ ಕಾಲೇಜು ಆಯಿತು. ಈಗ ಜೊತೆಯವರೆಲ್ಲ "ಆ ದಿನಗಳು ನನ್ನನ್ನು ಗಟ್ಟಿ ಮಾಡಿದವು" ಅನ್ನುತ್ತಾರೆ. ನನಗೆ ಹಾಗೆ ಅನಿಸುವುದೇ ಇಲ್ಲ. ರಾತ್ರಿ ನಿದ್ದೆ ಇನ್ನೂ ಸರಿಹೋಗಿಲ್ಲ, ಗೆಳೆಯರಿಗೆ ಫೋನ್ ಮಾಡಲು ಹಿಂಜರಿಕೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ನೀಲಿಶಾಯಿ:
ಕೊರತೆ ಏನೂ ಇಲ್ಲ. ನಾನು ಮನಃಶಾಸ್ತ್ರ ಓದಿದವಳು. ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು, ದೊಡ್ಡ ಆಘಾತದ ನಂತರ ಜನ ಹೇಗೆ ಬೆಳೆಯುತ್ತಾರೆ ಎಂದು ಅಳೆಯಲು 1996ರಲ್ಲಿ 21 ಅಂಶಗಳ ಒಂದು ಪಟ್ಟಿ ಮಾಡಿದರು. ಬೇರೆಯವರ ಜೊತೆ ಹತ್ತಿರವಾಗುವುದು, ಹೊಸ ದಾರಿ ಕಾಣುವುದು, ಬದುಕಿನ ಬೆಲೆ ತಿಳಿಯುವುದು ಇವೆಲ್ಲ ಅದರಲ್ಲಿವೆ. ಆದರೆ ಅವರ ಮುಖ್ಯ ಮಾತು ಬೇರೆ: ಆಘಾತ ತಾನಾಗಿ ಯಾರನ್ನೂ ಬೆಳೆಸುವುದಿಲ್ಲ, ಅದರ ಜೊತೆ ಗುದ್ದಾಡುವಾಗ ಕೆಲವರು ಬೆಳೆಯುತ್ತಾರೆ, ಬೆಳೆದವರಿಗೂ ನೋವು ಹೋಗಿರಬೇಕು ಅಂತೇನಿಲ್ಲ. ಬೇಡ ಅಂದರೂ ತಲೆಗೆ ನುಗ್ಗುವ ಯೋಚನೆ ಬೇರೆ, ನಾವಾಗಿ ಕೂತು "ನನಗೆ ಏನಾಯಿತು" ಎಂದು ಬಿಡಿಸಿ ನೋಡುವುದು ಬೇರೆ. ಎರಡನೆಯದಕ್ಕೆ ಕೇಳುವ ಒಬ್ಬರು ಬೇಕು. ಇಲ್ಲದಿದ್ದರೆ ಬರೆದರೂ ಆಗುತ್ತದೆ. ಪೆನ್ನೆಬೇಕರ್ ಅನ್ನುವ ಮನಃಶಾಸ್ತ್ರಜ್ಞ 1986ರ ಪ್ರಯೋಗದಲ್ಲಿ ಕಾಲೇಜು ಹುಡುಗ ಹುಡುಗಿಯರಿಂದಲೇ ತಮ್ಮ ನೋವಿನ ಅನುಭವದ ಬಗ್ಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿದ್ದರು. ನಿದ್ದೆ ಮಾತ್ರ ಇಷ್ಟು ದಿನ ಸರಿಹೋಗದಿದ್ದರೆ ದಯವಿಟ್ಟು ಡಾಕ್ಟರ್ ಅಥವಾ ಕೌನ್ಸಿಲರ್ ಹತ್ತಿರ ಹೋಗಿ.

ಮೌನಿ:
ನನಗಂತೂ ಬೆಳವಣಿಗೆ ಅನ್ನುವ ಮಾತು ಕೇಳಿದರೇ ಸಿಟ್ಟು ಬರುತ್ತದೆ. ನನ್ನ ಅಜ್ಜಿಯ ಕೊನೆಯ ದರ್ಶನ ಆಗಿದ್ದು ವಿಡಿಯೋ ಕಾಲ್‌ನಲ್ಲಿ. ಅದರಿಂದ ನಾನು ಏನೋ ಕಲಿತೆ ಅಂತ ಯಾಕೆ ಹೇಳಬೇಕು? ಆದರೂ ಒಂದು ವಿಷಯ ಹೇಳಲೇಬೇಕು. ಗೆಳತಿಯೊಬ್ಬಳು ದಿನಾ ರಾತ್ರಿ 9ಕ್ಕೆ ಕಾಲ್ ಮಾಡಿ, ಮಾತಾಡದೆ ಸುಮ್ನೆ ಓದುತ್ತಾ ಕೂರುತ್ತಿದ್ದಳು. ಆ ಕಡೆಯಿಂದ ಪುಟ ತಿರುಗಿಸುವ ಸದ್ದು ಬರುತ್ತಿತ್ತು, ಅಷ್ಟೇ. ನಾನು ಆ ವರ್ಷದ ಪರೀಕ್ಷೆ ಬರೆದದ್ದು ಅದರಿಂದಲೇ.

ಅರ್ಧಚಂದ್ರ:
ನನಗೆ ಸಹಾಯವಾಗಿದ್ದು ವಿಂಗಡಿಸಿದ್ದು. ಪರೀಕ್ಷೆ ಯಾವಾಗ, ಕೆಲಸ ಸಿಗುತ್ತದಾ, ಇದು ನನ್ನ ಕೈಯಲ್ಲಿರಲಿಲ್ಲ. ಏಳುವ ಹೊತ್ತು, ಸುದ್ದಿ ಎಷ್ಟು ನೋಡುವುದು ಅನ್ನೋದು ನನ್ನ ಕೈಯಲ್ಲಿತ್ತು. ಕೈಯಲ್ಲಿಲ್ಲದ್ದರ ಬಗ್ಗೆ ಅತ್ತರೂ ತಪ್ಪಿಲ್ಲ, ಅಲ್ವಾ?

ಕೊನೆಬೆಂಚು:
ಮೌನಿ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಹಳೇ ರೂಮ್‌ಮೇಟ್‌ಗೆ ಈಗಷ್ಟೇ ಮೆಸೇಜ್ ಹಾಕಿದ್ದೇನೆ, "ಇವತ್ತು 9ಕ್ಕೆ ಫ್ರೀ ಇದ್ದೀಯಾ" ಅಂತ.