ಅರವತ್ತು ಯಾವತ್ತು ಆಗುತ್ತದೆ? ಸರ್ಕಾರದ ಲೆಕ್ಕಕ್ಕೋ, ಅವ್ವನ ಲೆಕ್ಕಕ್ಕೋ?

ಹಾವೇರಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ಈ ಮೇ 31ಕ್ಕೆ ನಾನು ರಿಟೈರ್ ಆಗುತ್ತಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ದಾಖಲೆಯಲ್ಲಿ ನನ್ನ ಜನ್ಮದಿನ 1966ರ ಜೂನ್ 1. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ಮನೆಗೆ ಹೋಗಬೇಕು, ನಿಯಮ ಹಾಗಿದೆ. ಈ ಸಲ ಅದು ಭಾನುವಾರ ಬೇರೆ. ಬೇಸಿಗೆ ರಜೆಯಲ್ಲಿ ಶಾಲೆ ಖಾಲಿ ಇರುತ್ತದಲ್ಲ, ಅದಕ್ಕೇ ಮಕ್ಕಳು ಏಪ್ರಿಲ್‌ನಲ್ಲೇ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಕಳಿಸಿಕೊಟ್ಟರು.

ಆದರೆ ಜೂನ್ 1 ನಾನು ಹುಟ್ಟಿದ ದಿನವೇ ಅಲ್ಲ. ನನ್ನ ವಯಸ್ಸಿನವರಿಗೆ ಈ ಕತೆ ಗೊತ್ತಿರುತ್ತದೆ. ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರು "ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು" ಅಂದರು. ಮುಟ್ಟಿದೆ. ವಯಸ್ಸಾಗಿದೆ ಅಂತ ಜೂನ್ 1 ಬರೆದುಕೊಂಡರು. ನಮ್ಮ ವರ್ಗದ ಅರ್ಧ ಹುಡುಗರ ಹುಟ್ಟುಹಬ್ಬ ಅವತ್ತೇ. ಮನೆಯಲ್ಲಿ ಕೇಳುತ್ತಾ ಬಂದದ್ದು ಬೇರೆ: ನಾನು ಹುಟ್ಟಿದ್ದು ಪರಾಭವ ಸಂವತ್ಸರದ ಬಲಿಪಾಡ್ಯಮಿಗೆ, ಅಂದರೆ ಆ ವರ್ಷದ ನವೆಂಬರ್‌ನಲ್ಲಿ. ಅರವತ್ತು ಸಂವತ್ಸರದ ಸುತ್ತು ಮುಗಿದು ಈ ಯುಗಾದಿಗೆ ಮತ್ತೆ ಪರಾಭವವೇ ಬಂದಿದೆ. ಸರ್ಕಾರ ನನ್ನನ್ನು ಐದು ತಿಂಗಳು ಮೊದಲೇ ಮುದುಕ ಮಾಡಿತು ಅಂತ ಹೆಂಡತಿ ಮುಂದೆ ಲೆಕ್ಕ ಹಾಕಿ ತೋರಿಸುತ್ತಿರುತ್ತೇನೆ.

ಈಗ ಮಗ, ಮಗಳು ಇಬ್ಬರೂ ಷಷ್ಟ್ಯಬ್ದಿ ಮಾಡಲೇಬೇಕು ಅಂತ ಹಠ ಹಿಡಿದಿದ್ದಾರೆ. ಕಲ್ಯಾಣ ಮಂಟಪ, ಮುನ್ನೂರು ಜನ, ಹೋಮ, ಮತ್ತೊಮ್ಮೆ ತಾಳಿ. ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳಲೂ ಬರುತ್ತಿಲ್ಲ. ಬೋರ್ಡಿನ ಮೇಲಿನ ಸಾಲು ಬರೆಯುವಾಗ ಭುಜ ಹಿಡಿದುಕೊಂಡರೆ ವಯಸ್ಸು ನೆನಪಾಗುತ್ತದೆ. ಹೋದ ವರ್ಷ ಎಂಟನೇ ಕ್ಲಾಸಿಗೆ ಬಂದ ಹುಡುಗಿಯೊಬ್ಬಳು "ಸರ್, ನಮ್ಮಜ್ಜಿಗೂ ನೀವೇ ಲೆಕ್ಕ ಕಲಿಸಿದ್ರಂತೆ" ಅಂದಾಗ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ಉಳಿದ ಹೊತ್ತು ಒಳಗೆ ನಲವತ್ತರ ಆಸುಪಾಸಿನವನೇ. ನೀವೆಲ್ಲ ಅರವತ್ತನ್ನು ಹೇಗೆ ದಾಟಿದಿರಿ? ಫಂಕ್ಷನ್ ಮಾಡಿಸಿಕೊಂಡಿರಾ? ಯಾವ ದಿನ ಹಿಡಿದಿರಿ?

ಜೂನ್ ಒಂದರವ

ಸರ್, ನಾನೂ ಅದೇ ಗುಂಪು. ನಮ್ಮ ಕಚೇರಿಯಿಂದ ಒಂದೇ ದಿನ ನಾಲ್ವರು ಹೋದೆವು, ಒಂದೇ ಕೇಕಿನಲ್ಲಿ ಮುಗಿಸಿದರು. ತಾರೀಖು ತಿದ್ದಿಸಬೇಕಿದ್ದರೆ ಕೆಲಸಕ್ಕೆ ಸೇರಿದ ಮೂರು ವರ್ಷದೊಳಗೆ ಕೇಳಬೇಕಿತ್ತು, 1974ರ ಕಾಯ್ದೆ ಹಾಗೆ ಹೇಳುತ್ತದೆ. ಈಗ ಬಿಡಿ. 2008ಕ್ಕೆ ಮೊದಲು 58ಕ್ಕೇ ಕಳಿಸುತ್ತಿದ್ದರು, ನಮಗೆ ಎರಡು ವರ್ಷ ಜಾಸ್ತಿಯೇ ಸಿಕ್ಕಿದೆ, ಐದು ತಿಂಗಳಿಗೆ ಯಾಕೆ ಅಳುತ್ತೀರಿ.

ನಾನು ಫಂಕ್ಷನ್ ಮಾಡಲಿಲ್ಲ. ಮೊದಲ ತಿಂಗಳು ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ಹಾಕಿ ಸುಮ್ನೆ ಕೂತಿರುತ್ತಿದ್ದೆ. ಸಾರಿಗೆ ಬಸ್ಸಿನಲ್ಲಿ ಹಿರಿಯರಿಗೆ ಶೇ. 25 ರಿಯಾಯಿತಿ ಇದೆಯಲ್ಲ, ಮೊದಲ ಸಲ ಆಧಾರ್ ತೋರಿಸಲು ಸಂಕೋಚವಾಗಿ ಪೂರ್ತಿ ದುಡ್ಡು ಕೊಟ್ಟೆ. ಎರಡನೇ ಸಲ ಕಂಡಕ್ಟರ್ ನನ್ನ ಮುಖ ನೋಡಿ ತಾನೇ ರಿಯಾಯಿತಿ ಟಿಕೆಟ್ ಕೊಟ್ಟ, ಕಾರ್ಡು ಕೇಳಲೇ ಇಲ್ಲ. ಅದು ಇನ್ನೂ ಬೇಜಾರು.

ಶಿವಮೊಗ್ಗದ ಅಕ್ಕ

ಯಾರೂ ಬೇಸರ ಮಾಡ್ಕೋಬೇಡಿ, ಆದರೂ ಹೇಳುತ್ತೇನೆ. ಷಷ್ಟ್ಯಬ್ದಿ ಅಂದರೆ ಗಂಡನ ಅರವತ್ತು. ಹೆಂಡತಿ ಪಕ್ಕದಲ್ಲಿ ಕೂತು ಹೊಗೆ ಕುಡಿಯಬೇಕು, ತಲೆ ಮೇಲೆ ಕಲಶದ ನೀರು ಸುರಿಸಿಕೊಳ್ಳಬೇಕು, ನಡುವೆ ಎದ್ದು ಊಟದ ಎಲೆ ಸಾಲುತ್ತದಾ ಅಂತ ನೋಡಬೇಕು. ನಮ್ಮವರಿಗೆ ಆದಾಗ ನನಗೆ 54. ತಾಳಿ ಕಟ್ಟುವಾಗ ಅವರ ಕೈ ನಡುಗಿ ಗಂಟೇ ಬೀಳಲಿಲ್ಲ, ನನಗೆ ನಗು ಬಂದುಬಿಟ್ಟಿತು. ಮೊದಲ ಸಲ ಕಟ್ಟಿದಾಗ ನಗುವ ಧೈರ್ಯ ಇರಲಿಲ್ಲ. ಅಷ್ಟು ಮಾತ್ರ ಚೆನ್ನಾಗಿತ್ತು.

ನನ್ನ ಅರವತ್ತು ಹೋದ ವರ್ಷ ಬಂತು, ಒಂದು ಮಂಗಳವಾರ. ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೇಲೆ ಹೇಳಿದ ರಿಯಾಯಿತಿಯ ಖುಷಿಯೂ ನಮಗಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೇಗೂ ಟಿಕೆಟ್ ಫ್ರೀ. ಆ ಫ್ರೀ ಬಸ್ಸನ್ನೇ ಹತ್ತಿ ಒಬ್ಬಳೇ ಜೋಗಕ್ಕೆ ಹೋದೆ. ಮಂಜು ಮುಚ್ಚಿಕೊಂಡು ಒಂದು ಗಂಟೆ ಏನೂ ಕಾಣಲಿಲ್ಲ, ಬರೀ ಸದ್ದು. ಸುಟ್ಟ ಜೋಳ ತಿಂದೆ. ಆಮೇಲೆ ಹತ್ತು ನಿಮಿಷ ರಾಜ ಕಾಣಿಸಿತು, ರಾಣಿ ಕಾಣಿಸಲೇ ಇಲ್ಲ. ರಾತ್ರಿ ಬಂದು ಸಾರು ಬಿಸಿ ಮಾಡಿದೆ, ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರು, ತರಕಾರಿಗೆ ಅಂದೆ.

ಅಲ್ಲ ಮಾಸ್ತರೇ, ಬೇಕಾ ಬೇಡವಾ ಅಂತ ನಮ್ಮನ್ನು ಕೇಳುತ್ತಿದ್ದೀರಿ, ನಿಮ್ಮ ಮನೆಯವರನ್ನು ಕೇಳಿದ್ದೀರಾ?

ಬೆಂಗಳೂರಿನಲ್ಲಿರುವ ಮಗ

ಅಂಕಲ್, ಮಕ್ಕಳ ಕಡೆಯಿಂದ ಒಂದು ಮಾತು. ನಮ್ಮಪ್ಪ ಬೇಡ ಅಂದರು, ನಾವು ಸುಮ್ನೆ ಅಂತಾರೆ ಅಂದುಕೊಂಡು ಮಾಡಿಬಿಟ್ಟೆವು. ಮೂರು ಗಂಟೆ ಸ್ಟೇಜ್ ಮೇಲೆ ನಿಲ್ಲಿಸಿ ಫೋಟೋ ತೆಗೆಸಿದೆವು, ಆಮೇಲೆ ಹದಿನೈದು ದಿನ ಮಂಡಿ ನೋವು. ನೀವು ಬರೀ ಬೇಡ ಅನ್ನಬೇಡಿ, ಅದು ನಮಗೆ "ಸರ್‌ಪ್ರೈಸ್ ಮಾಡಿ" ಅಂತ ಕೇಳಿಸುತ್ತದೆ. ಎಷ್ಟು ಜನ, ಎಲ್ಲಿ, ಏನು ಅಡುಗೆ ಅಂತ ನೀವೇ ಹೇಳಿಬಿಡಿ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಅಲ್ಲಿಯವರೆಗೆ ಹೇಗೂ ಯಾರೂ ಒತ್ತಾಯ ಮಾಡಲ್ಲ.

ಹಾವೇರಿ ಮಾಸ್ತರ

ಅಕ್ಕಾ, ನಿಜ ಹೇಳಬೇಕೆಂದರೆ ಕೇಳಿರಲಿಲ್ಲ. ನಿನ್ನೆ ಕೇಳಿದೆ. "ಮುನ್ನೂರು ಜನರ ಉಪಚಾರ ನನ್ನ ಕೈಲಿ ಆಗಲ್ಲ, ತಾಳಿ ಬೇಕಾದರೆ ಮನೆಯಲ್ಲೇ ಕಟ್ಟಿ" ಅಂದಳು. ಸರಿ, ದೀಪಾವಳಿಗೆ ಮನೆಯಲ್ಲೇ ಮಾಡೋಣ ಅಂತ ಅವ್ವನಿಗೆ ಹೇಳಲು ಹೋದೆ. ಅವ್ವನಿಗೆ ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಗಟ್ಟಿ.

"ದೀಪಾವಳಿ ಪಾಡ್ಯದಾಗ ಹುಟ್ಟಿದಾಂವ ನಿಮ್ಮಣ್ಣ. ನೀ ಕಾರಹುಣ್ಣಿವಿಯಾಂವ. ಎತ್ತಿಗೆ ಬಣ್ಣ ಹಚ್ಚಿದ ಕೈಲೇ ನಿಮ್ಮಪ್ಪ ಸೂಲಗಿತ್ತಿ ಕರಿಯಾಕ ಓಡಿದ್ದ, ಆಕಿ ಸೀರಿಗೂ ಬಣ್ಣ ಆಗಿತ್ತು."

ಹಳೇ ಪಂಚಾಂಗ ನೋಡಿಸಿದೆ. 1966ರ ಕಾರಹುಣ್ಣಿಮೆ ಜೂನ್ 3. ಕಿವಿ ಮುಟ್ಟಿಸಿ ಅಂದಾಜಿಗೆ ಬರೆದ ಆ ಮಾಸ್ತರದು ಎರಡೇ ದಿನದ ತಪ್ಪು! ಐದು ತಿಂಗಳ ನನ್ನ ತಕರಾರು ಹೋಯಿತು, ಹೆಂಡತಿ ನಿನ್ನೆಯಿಂದ ನಗುತ್ತಿದ್ದಾಳೆ. ಅಧಿಕ ಜ್ಯೇಷ್ಠ ಇರುವುದರಿಂದ ಈ ಸಲ ಕಾರಹುಣ್ಣಿಮೆ ಜೂನ್ 29ಕ್ಕೆ ಬಂದಿದೆ. ಅವತ್ತೇ, ಮನೆಯಲ್ಲೇ, ಹದಿನೈದು ಜನ, ಹೋಳಿಗೆ ಊಟ. ಮಕ್ಕಳಿಗೆ ಹೇಳಿಯಾಯಿತು.

ಅಣ್ಣನಿಗೂ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾದ್ರ ನಾ ಇಷ್ಟು ವರ್ಷ ಕಾರಹುಣ್ಣಿವಿ ದಿನಾ ಗುಡಿಗೆ ಕಾಯಿ ಒಡಿಸಿದ್ದು ಯಾರ ಹೆಸರಿಗೋ?" ಅಂದ.